ಮುಚ್ಚದ ಕಣ್ಣಿಗೆ ಕಾವಲು



ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವಾಗ ನೀರು ಒಂದು ಬದಿಯಿಂದ ಸೋರುತ್ತದೆ. ಕನ್ನಡಿ ನೋಡಿದರೆ ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ. ಹಣೆಯ ಅರ್ಧ ಭಾಗದಲ್ಲಿ ನೆರಿಗೆ ಇಲ್ಲ. ಹಿಂದಿನ ರಾತ್ರಿ ಕಿವಿಯ ಹಿಂದೆ ಸಣ್ಣಗೆ ನೋವಿತ್ತು ಎಂಬುದು ಆಮೇಲೆ ನೆನಪಾಗುತ್ತದೆ. ನಮ್ಮ ಸುಳ್ಯ ತಾಲೂಕಿನ ಅಜ್ಜಾವರ, ಮಂಡೆಕೋಲು ಕಡೆ ಇದಕ್ಕೆ ಗಾಳಿ ಸೋಕಿತು ಅನ್ನುವವರಿದ್ದಾರೆ, ಲಕ್ವ ಹೊಡೆಯಿತು ಅನ್ನುವವರಿದ್ದಾರೆ. ಸುದ್ದಿ ತಿಳಿದು ನೋಡಲು ಬಂದವರೆಲ್ಲ ನೋಡುವುದು ಬಾಯಿಯನ್ನು. ‘ಬಾಯಿ ಯಾವಾಗ ಸರಿಯಾದೀತು?’ ಎಂಬುದೇ ಎಲ್ಲರ ಪ್ರಶ್ನೆ. ಅದೇ ಮುಖದಲ್ಲಿ, ಅದೇ ಬದಿಯಲ್ಲಿ, ಒಂದು ಕಣ್ಣು ಮುಚ್ಚದೆ ಕುಳಿತಿರುತ್ತದೆ. ಅದನ್ನು ಕೇಳುವವರು ಕಡಿಮೆ.

ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಕಣ್ಣಿನ ಬಗ್ಗೆ. ಬಾಯಿ ತಿಂಗಳುಗಟ್ಟಲೆ ಕಾದು ಸರಿಯಾದೀತು. ತುಸು ಓರೆ ಉಳಿದರೂ ಊಟ, ಮಾತು, ಕೆಲಸ ನಡೆದುಹೋಗುತ್ತದೆ. ಆದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ವೈದ್ಯರು ಕಾರ್ನಿಯಾ ಅನ್ನುವ ಪದರ, ಒಣಗಿ ಹುಣ್ಣಾದರೆ ಕೆಲವೇ ದಿನಗಳಲ್ಲಿ ದೃಷ್ಟಿಗೆ ಕುತ್ತು. ಮುಖ ಪೂರ್ತಿ ನೆಟ್ಟಗಾದ ಮೇಲೂ ಆ ದೃಷ್ಟಿ ಮರಳದೆ ಹೋಗಬಹುದು. ಆ ಕುರುಡು ತಡೆಯಬಹುದಾದ ಕುರುಡು ಎಂಬುದೇ ನನ್ನನ್ನು ಹೆಚ್ಚು ನೋಯಿಸುವ ಸಂಗತಿ.

ಕಣ್ಣು ಯಾಕೆ ಮುಚ್ಚುವುದಿಲ್ಲ ಎಂದು ಮೊದಲು ನೋಡೋಣ. ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಏಳನೆಯದು ಮುಖದ ನರ. ಅದು ಕಿವಿಯ ಹಿಂದಿನ ಎಲುಬಿನೊಳಗೆ ಬಹಳ ಇಕ್ಕಟ್ಟಾದ ಒಂದು ಕೊಳವೆಯ ಮೂಲಕ ಹಾದು, ಕೆನ್ನೆಯ ಜೊಲ್ಲುಗ್ರಂಥಿಯೊಳಗೆ ಕವಲೊಡೆದು, ಹಣೆಯಿಂದ ಗಲ್ಲದವರೆಗೆ ಹರಡುತ್ತದೆ. ಇಕ್ಕಟ್ಟಿನ ಜಾಗದಲ್ಲಿ ನರ ಬಾತುಕೊಂಡರೆ ಎಲುಬೇ ಅದನ್ನು ಅದುಮುತ್ತದೆ. ಆ ಬದಿಯ ಮುಖ ಸೋಲುತ್ತದೆ. ಕಣ್ಣು ತೆರೆಯುವ ಸ್ನಾಯುವಿಗೆ ಮಾತ್ರ ಬೇರೆಯೇ ನರ, ಮೂರನೆಯದು. ಅದಕ್ಕೆ ಏನೂ ಆಗಿರುವುದಿಲ್ಲ. ತೆರೆಯುವ ಶಕ್ತಿ ಇದ್ದಂತೆಯೇ ಇದ್ದು ಮುಚ್ಚುವ ಶಕ್ತಿ ಹೋದಾಗ ರೆಪ್ಪೆ ಮೇಲೆಯೇ ನಿಲ್ಲುತ್ತದೆ. ಕೆಳರೆಪ್ಪೆ ಜೋತು ಬೀಳುತ್ತದೆ. ಹಗಲಿರುಳು ಕಣ್ಣು ತೆರೆದೇ ಇರುತ್ತದೆ.

ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ ಈ ನರದ ಕೆಲಸವನ್ನು 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು. ಕಾರಣ ಗೊತ್ತಾಗದೆ ಏಕಾಏಕಿ ಬರುವ ಮುಖದ ಸೋಲಿಗೆ ಇವತ್ತಿಗೂ ಬೆಲ್ಸ್ ಪಾಲ್ಸಿ ಎಂದೇ ಹೆಸರು. ಅವರ ಹೆಸರು ಅಂಟಿಕೊಂಡ ಇನ್ನೊಂದು ಸಂಗತಿ ನಮ್ಮ ಮಾತಿಗೆ ಹತ್ತಿರವಾದದ್ದು. ನಾವು ಕಣ್ಣು ಮುಚ್ಚುವಾಗ ಒಳಗೆ ಗುಡ್ಡೆ ಮೇಲಕ್ಕೆ ಹೊರಳುತ್ತದೆ. ಆರೋಗ್ಯವಂತರಲ್ಲಿ ರೆಪ್ಪೆ ಮುಚ್ಚಿರುವುದರಿಂದ ಅದು ಕಾಣುವುದಿಲ್ಲ. ಮುಖ ಸೋತವರಿಗೆ ಕಣ್ಣು ಮುಚ್ಚಿ ಎಂದರೆ ರೆಪ್ಪೆಗಳ ನಡುವೆ ಬರೀ ಬಿಳಿ ಕಾಣುತ್ತದೆ. ನೋಡಿದವರು ಹೆದರುತ್ತಾರೆ. ಅದು ಹೆದರುವಂಥದ್ದಲ್ಲ, ಸಮಾಧಾನಪಡುವಂಥದ್ದು. ಕಾರ್ನಿಯಾ ಮೇಲ್ರೆಪ್ಪೆಯ ಮರೆಗೆ ಸರಿದಿದೆ ಎಂದರ್ಥ. ಕೆಲವರಲ್ಲಿ ಗುಡ್ಡೆ ಹಾಗೆ ಮೇಲೆ ಹೋಗುವುದಿಲ್ಲ. ಮುಚ್ಚಲು ಯತ್ನಿಸಿದಾಗಲೂ ನಡುವೆ ಕಪ್ಪೇ ಕಾಣುತ್ತಿದ್ದರೆ ಅಂಥವರ ಕಣ್ಣಿಗೆ ಅಪಾಯ ಹೆಚ್ಚು. ಅವರು ಒಂದು ದಿನವೂ ತಡಮಾಡಬಾರದು.

ರೆಪ್ಪೆ ಬಡಿಯುವುದು ಎಷ್ಟು ದೊಡ್ಡ ಕೆಲಸವೆಂಬುದು ಅದು ನಿಂತಾಗಲೇ ತಿಳಿಯುವುದು. ನಿಮಿಷಕ್ಕೆ ಸುಮಾರು ಹದಿನೈದು ಸಲ ನಮಗೆ ಗೊತ್ತಾಗದೆಯೇ ರೆಪ್ಪೆ ಇಳಿದು ಏರುತ್ತದೆ. ಅಂಗಳ ಸಾರಿಸುವವರ ಕೈ ಸೆಗಣಿನೀರನ್ನು ಒಂದೇ ಸಮನಾಗಿ ಎಳೆದು ಹರಡುವಂತೆ ಮೇಲ್ರೆಪ್ಪೆ ಕಣ್ಣೀರನ್ನು ಗುಡ್ಡೆಯ ಮೇಲೆ ತೆಳ್ಳಗೆ ಹರಡುತ್ತದೆ. ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರೊಳಗೆ ರಕ್ತನಾಳ ಇಲ್ಲ. ಇದ್ದಿದ್ದರೆ ಬೆಳಕು ಒಳಗೆ ಹೋಗುತ್ತಿರಲಿಲ್ಲ. ಆದ್ದರಿಂದ ಅದಕ್ಕೆ ಬೇಕಾದ ಆಮ್ಲಜನಕದ ಹೆಚ್ಚಿನ ಪಾಲು ಗಾಳಿಯಿಂದ ಈ ಕಣ್ಣೀರಿನ ಪದರದ ಮೂಲಕವೇ ಇಳಿಯಬೇಕು. ಪದರ ಹರಿದು ಒಣಗಿದ ಜಾಗದಲ್ಲಿ ಕಾರ್ನಿಯಾದ ಮೇಲ್ಪೊರೆ ಸುಲಿಯುತ್ತದೆ. ಸುಲಿದಲ್ಲಿ ರೋಗಾಣು ಕೂರುತ್ತದೆ, ಹುಣ್ಣಾಗುತ್ತದೆ. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿಯುತ್ತದೆ. ಕಣ್ಣಿಗೆ ಹೂ ಬಿದ್ದಿದೆ ಎಂದು ಹಿರಿಯರು ಹೇಳುವುದು ಇಂಥ ಕಲೆಯನ್ನೇ. ಮಾಗದಿದ್ದರೆ ಹುಣ್ಣು ಆಳಕ್ಕಿಳಿದು ಕಣ್ಣು ತೂತಾಗುವುದೂ ಉಂಟು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಮುಖ ಸೋತ ಬದಿಯ ಕಣ್ಣಿನಿಂದ ದಿನವಿಡೀ ನೀರು ಸುರಿಯುತ್ತಿರುತ್ತದೆ. ‘ಡಾಕ್ಟ್ರೇ, ಟವೆಲು ಚಂಡಿ ಆಗುವಷ್ಟು ನೀರು ಬರ್ತದೆ. ನೀವು ಕಣ್ಣು ಒಣಗಿದೆ ಅಂತೀರಲ್ಲ, ಅದು ಹೇಗೆ?’ ಎಂದು ಕೇಳದ ರೋಗಿ ಇಲ್ಲ. ‘ನೀರು ಉಂಟು ಅಣ್ಣ. ಅದನ್ನು ಹರಡುವ ರೆಪ್ಪೆಯೂ ಇಲ್ಲ, ಮೂಗಿನ ಕಡೆ ಎಳೆದುಕೊಳ್ಳುವ ರೆಪ್ಪೆಯೂ ಇಲ್ಲ. ಬಂದದ್ದೆಲ್ಲ ಕೆನ್ನೆಗೆ ಬೀಳ್ತದೆ, ಗುಡ್ಡೆ ಒಣಗಿಯೇ ಇರ್ತದೆ’ ಎನ್ನುವುದು ಅದಕ್ಕೆ ಉತ್ತರ. ಆದ್ದರಿಂದ ನೀರು ಬರುವ ಕಣ್ಣಿಗೂ ಹನಿಮದ್ದು ಬೇಕು. ನೀರನ್ನು ಒರೆಸುವಾಗ ಕೆಳರೆಪ್ಪೆಯನ್ನು ಕೆಳಕ್ಕೆ ಎಳೆದು ಒರೆಸಬೇಡಿ. ಹಾಗೆ ಎಳೆದೆಳೆದು ಅದು ಮತ್ತಷ್ಟು ಜೋಲುತ್ತದೆ. ಸ್ವಚ್ಛವಾದ ಮೆತ್ತಗಿನ ಬಟ್ಟೆಯನ್ನು ಒತ್ತಿ, ಮೇಲಕ್ಕೆ, ಮೂಗಿನ ಕಡೆಗೆ ತೆಗೆಯಿರಿ.

ಮೊದಲ ಮೂರು ದಿನಗಳ ವಿಷಯ ಸ್ವಲ್ಪ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದನ್ನು ವೈದ್ಯರೇ ನೋಡಿಕೊಳ್ಳಬೇಕು. ಮುಖದ ಜೊತೆಗೆ ಕೈಯೋ ಕಾಲೋ ಸೋತಿದ್ದರೆ, ಮಾತು ತೊದಲಿದರೆ, ಅಥವಾ ಬಾಯಿ ಓರೆಯಾಗಿದ್ದರೂ ಹಣೆಯ ಎರಡೂ ಬದಿಯಲ್ಲಿ ನೆರಿಗೆ ಬರುತ್ತಿದ್ದರೆ ಅದು ಮಿದುಳಿನ ಆಘಾತ ಇರಬಹುದು. ಆಗ ಗಂಟೆಗಳ ಲೆಕ್ಕ. ಹಣೆಯೂ ಸೇರಿ ಮುಖದ ಅರ್ಧವಷ್ಟೇ ಸೋತಿದ್ದರೆ ಸಾಮಾನ್ಯವಾಗಿ ಬೆಲ್ಸ್ ಪಾಲ್ಸಿ. ಕಿವಿಯಲ್ಲಿ ಬೊಬ್ಬೆ ಎದ್ದಿದ್ದರೆ ಅದು ಸರ್ಪಸುತ್ತಿನ ವೈರಸ್ಸಿನ ಕೆಲಸ. ಯಾವುದೇ ಇರಲಿ, 72 ಗಂಟೆಯೊಳಗೆ ವೈದ್ಯರ ಮುಂದೆ ಇರಬೇಕು. ಸ್ಕಾಟ್ಲೆಂಡಿನಲ್ಲಿ 551 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಅವಧಿಯೊಳಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುಮಾಡಿದವರಲ್ಲಿ ನೂರಕ್ಕೆ 94 ಮಂದಿ ಒಂಬತ್ತು ತಿಂಗಳಲ್ಲಿ ಪೂರ್ತಿ ಗುಣವಾಗಿದ್ದರು. ಅದನ್ನು ತೆಗೆದುಕೊಳ್ಳದವರಲ್ಲಿ 82 ಮಂದಿ. ಸಕ್ಕರೆ ಕಾಯಿಲೆ ಇದ್ದವರು ವೈದ್ಯರಿಗೆ ಅದನ್ನು ಮೊದಲೇ ಹೇಳಬೇಕು, ಈ ಮಾತ್ರೆ ಸಕ್ಕರೆ ಏರಿಸುತ್ತದೆ. ಮೂರ್ನಾಲ್ಕು ತಿಂಗಳಾದರೂ ಮುಖದಲ್ಲಿ ಚಲನೆಯೇ ಕಾಣದಿದ್ದರೆ ಬೇರೆ ಕಾರಣ ಹುಡುಕಬೇಕು. ಗಡ್ಡೆ, ಹಳೆಯ ಕಿವಿ ಸೋರುವ ರೋಗ, ಹೀಗೆ ಹಲವು ಇರುತ್ತವೆ.

ಗುಣವಾಗುವವರೇ ಹೆಚ್ಚು ಎಂಬ ಈ ಒಳ್ಳೆಯ ಸುದ್ದಿಯೇ ಕಣ್ಣಿಗೆ ಮುಳುವಾಗುತ್ತದೆ ಎಂದು ನನಗನ್ನಿಸುತ್ತದೆ. ಹೇಗೂ ಸರಿಯಾಗುತ್ತದಲ್ಲ ಎಂದು ಮನೆಯವರು ಸುಮ್ಮನಿರುತ್ತಾರೆ. ಸರಿಯಾಗುವ ಆ ವಾರಗಳಲ್ಲಿ ಕಣ್ಣನ್ನು ಯಾರು ಕಾಯಬೇಕು? ವೈದ್ಯರೇ ಬಳಸುವ ಒಂದು ಅಳತೆಗೋಲು ಇದೆ. ಹೌಸ್ ಮತ್ತು ಬ್ರಾಕ್‌ಮನ್ ಎಂಬ ಇಬ್ಬರ ಹೆಸರಿನದು, 1985ರಿಂದ ಬಳಕೆಯಲ್ಲಿದೆ. ಆರು ಮೆಟ್ಟಿಲುಗಳ ಆ ಅಳತೆಯಲ್ಲಿ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇರುವ ಮುಖ್ಯ ಗಡಿ ಕಣ್ಣು. ಕಷ್ಟಪಟ್ಟಾದರೂ ಪೂರ್ತಿ ಮುಚ್ಚಿದರೆ ಮೂರು, ಮುಚ್ಚದಿದ್ದರೆ ನಾಲ್ಕು. ಬಾಯಿ ಎಷ್ಟು ಓರೆ ಎಂಬುದಕ್ಕಿಂತ ಇದು ಮುಖ್ಯವೆಂದು ಅವರಿಗೆ ಗೊತ್ತಿತ್ತು.

ಇನ್ನು ಆರೈಕೆ. ಹಗಲಿಗೆ ಕೃತಕ ಕಣ್ಣೀರಿನ ಹನಿ. ಇದರಲ್ಲಿ ಯಾವ ಔಷಧವೂ ಇಲ್ಲ, ಕಣ್ಣೀರಿನ ಹಾಗೆ ಜಾರುವ ದ್ರವ ಅಷ್ಟೆ. ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಹಾಕಬೇಕಾಗುತ್ತದೆ. ಉರಿ ಬಂದ ಮೇಲೆ ಹಾಕುವುದಲ್ಲ, ಬಾರದಂತೆ ಹಾಕುವುದು. ಸಾಮಾನ್ಯ ಬಾಟಲಿಗಳಲ್ಲಿ ಮದ್ದು ಕೆಡದಂತೆ ಪ್ರಿಸರ್ವೇಟಿವ್ ಎಂಬ ಒಂದು ರಾಸಾಯನಿಕ ಸೇರಿಸಿರುತ್ತಾರೆ. ದಿನಕ್ಕೆ ನಾಲ್ಕೈದು ಸಲಕ್ಕಿಂತ ಹೆಚ್ಚು ಹಾಕಿದರೆ ಆ ರಾಸಾಯನಿಕವೇ ಕಾರ್ನಿಯಾವನ್ನು ಕೆರಳಿಸುತ್ತದೆ. ಪ್ರಿಸರ್ವೇಟಿವ್ ಇಲ್ಲದ್ದು ಕೊಡಿ ಎಂದು ಕೇಳಿ ಪಡೆಯಿರಿ. ಬೆಲೆ ಸ್ವಲ್ಪ ಹೆಚ್ಚು, ಆದರೂ ಅದೇ ಸರಿ. ಬಾಟಲಿಯ ಬಾಯಿ ರೆಪ್ಪೆಗೆ ತಾಗಬಾರದು. ತೆರೆದ ಬಾಟಲಿಯನ್ನು ಚೀಟಿಯಲ್ಲಿ ಹೇಳಿದ ಅವಧಿ ಮೀರಿ, ಸಾಮಾನ್ಯವಾಗಿ ಒಂದು ತಿಂಗಳು ಮೀರಿ, ಇಟ್ಟುಕೊಳ್ಳಬಾರದು.

ಹನಿಯ ಜೊತೆಗೆ ಬೆರಳಿನ ಸಹಾಯವೂ ಬೇಕು. ಮೊದಲು ಕೆಳಗೆ ನೋಡಿ. ಕೆಳಗೆ ನೋಡಿದಾಗ ಕಣ್ಣು ತೆರೆಯುವ ಸ್ನಾಯು ಸಡಿಲವಾಗಿ ಮೇಲ್ರೆಪ್ಪೆ ತಾನಾಗಿ ಇಳಿಯುತ್ತದೆ. ಆಗ ತೊಳೆದ ಬೆರಳಿನ ಹಿಂಬದಿಯಿಂದ ಅದನ್ನು ಮೆಲ್ಲನೆ ಕೆಳಕ್ಕೆ ತಂದು ಎರಡು ಕ್ಷಣ ಹಿಡಿಯಿರಿ. ಪುಸ್ತಕ ಓದುವಾಗ, ಮೊಬೈಲು ನೋಡುವಾಗ, ಟಿ.ವಿ. ಮುಂದೆ ಕುಳಿತಾಗ ಹೀಗೆ ಆಗಾಗ ಮಾಡುತ್ತಿರಬೇಕು. ಮೇಲ್ರೆಪ್ಪೆ ಸೆಟೆದು ಮೇಲೆಯೇ ನಿಂತುಬಿಡುವುದನ್ನು ಇದು ತಡೆಯುತ್ತದೆ.

ರಾತ್ರಿಯದು ಹೆಚ್ಚು ಜಾಗ್ರತೆಯ ಕೆಲಸ. ನಿದ್ದೆಯಲ್ಲಿ ಕಣ್ಣೀರು ಕಡಿಮೆ, ಮೇಲೆ ಫ್ಯಾನಿನ ಗಾಳಿ. ಮಲಗುವ ಮೊದಲು ಕೆಳರೆಪ್ಪೆಯೊಳಗೆ ಕಣ್ಣಿನ ಮುಲಾಮು ಹಾಕಬೇಕು. ಮುಲಾಮು ಹಾಕಿದರೆ ದೃಷ್ಟಿ ಮಂಜಾಗುತ್ತದೆ, ಆದ್ದರಿಂದ ರಾತ್ರಿಯ ಕೆಲಸವೆಲ್ಲ ಮುಗಿದ ಮೇಲೆ ಹಾಕುವುದು. ಆಮೇಲೆ ರೆಪ್ಪೆಯ ಮೇಲಿನ ಎಣ್ಣೆಪಸೆಯನ್ನು ಒರೆಸಿ, ಕೆಳಗೆ ನೋಡಿ, ಬೆರಳಿನಿಂದ ರೆಪ್ಪೆ ಪೂರ್ತಿ ಮುಚ್ಚಿ, ಮೈಕ್ರೋಪೋರ್ ಎಂಬ ಕಾಗದದಂಥ ಟೇಪಿನ ತುಂಡನ್ನು ಮೇಲ್ರೆಪ್ಪೆಯಿಂದ ಕೆನ್ನೆಗೆ ಅಂಟಿಸಬೇಕು. ರೆಪ್ಪೆಗೂದಲು ಒಳಕ್ಕೆ ಮಡಚಿರಬಾರದು. ಮೊದಲ ಕೆಲವು ರಾತ್ರಿ ಇದನ್ನು ಇನ್ನೊಬ್ಬರು ಮಾಡಿಕೊಟ್ಟರೆ ಒಳ್ಳೆಯದು. ಟೇಪಿನೊಳಗೆ ಕಣ್ಣು ತೆರೆದುಕೊಂಡರೆ ಟೇಪೇ ಗುಡ್ಡೆಯನ್ನು ಉಜ್ಜುತ್ತದೆ. ಇದೇ ಕಾರಣಕ್ಕೆ ಹತ್ತಿಯ ಉಂಡೆಯನ್ನೋ ಗಾಜ್ ಬಟ್ಟೆಯನ್ನೋ ಕಣ್ಣಿನ ಮೇಲಿಟ್ಟು ಕಟ್ಟುವ ಕ್ರಮವನ್ನು ಬಿಡಿ. ಹೊರಗಿನಿಂದ ಕಣ್ಣು ಮುಚ್ಚಿದಂತೆ ಕಾಣುತ್ತದೆ, ಒಳಗೆ ತೆರೆದ ಗುಡ್ಡೆಯ ಮೇಲೆ ಬಟ್ಟೆ ರಾತ್ರಿಯೆಲ್ಲ ಉಜ್ಜುತ್ತಿರುತ್ತದೆ. ಕಣ್ಣನ್ನು ಕಾಯಲು ಕಟ್ಟಿದ ಪಟ್ಟಿಯಿಂದಲೇ ಹುಣ್ಣಾಗುತ್ತದೆ.

ಈಗ ನಮ್ಮ ತೋಟದ ಮಾತು. ಪಟ್ಟಣದ ಆಸ್ಪತ್ರೆಯ ಚೀಟಿಯಲ್ಲಿ ಧೂಳು, ಗಾಳಿಯಿಂದ ದೂರವಿರಿ ಎಂದಷ್ಟೇ ಬರೆದಿರುತ್ತದೆ. ಸುಳ್ಯ, ಪುತ್ತೂರು, ಕಡಬದ ಕೃಷಿಕರಿಗೆ ಅಷ್ಟು ಸಾಲದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವುದು ನಮ್ಮಲ್ಲಿ ತಪ್ಪದ ಕೆಲಸ. ಬೋರ್ಡೋ ದ್ರಾವಣವೆಂದರೆ ಮೈಲುತುತ್ತು ಮತ್ತು ಸುಣ್ಣ. ಸುಣ್ಣ ಕ್ಷಾರ. ಕಣ್ಣಿಗೆ ಬಿದ್ದ ಕ್ಷಾರ ಮೇಲೆಯೇ ನಿಲ್ಲುವುದಿಲ್ಲ, ಕರಗುತ್ತಾ ಒಳಕ್ಕೆ ಇಳಿಯುತ್ತದೆ. ಸುಣ್ಣದ ಹುಡಿ ಎದ್ದಾಗ, ಪಿಚಕಾರಿಯ ತುಂತುರು ಮರದ ತಲೆಯಿಂದ ಕೆಳಗೆ ಬಿದ್ದಾಗ, ಬೇರೆಯವರ ರೆಪ್ಪೆ ಥಟ್ಟನೆ ಮುಚ್ಚಿಕೊಳ್ಳುತ್ತದೆ. ಮುಖ ಸೋತವರ ಕಣ್ಣು ತೆರೆದೇ ಅದನ್ನು ಪಡೆಯುತ್ತದೆ. ಆ ವರ್ಷ ಅವರು ಮದ್ದಿನ ಡ್ರಮ್ಮಿನ ಹತ್ತಿರ ಸುಳಿಯಬಾರದು ಎಂಬುದು ನನ್ನ ಖಂಡಿತವಾದ ಅಭಿಪ್ರಾಯ. ಬೇರೆ ದಾರಿ ಇಲ್ಲದವರು ಸುತ್ತ ಮುಚ್ಚಿರುವ ರಕ್ಷಣಾ ಕನ್ನಡಕ ಹಾಕದೆ ಹೋಗಬಾರದು. ಸುಣ್ಣ ಬಿದ್ದೇಬಿಟ್ಟರೆ ಆಸ್ಪತ್ರೆಗೆ ಓಡುವ ಮೊದಲು, ಅಲ್ಲೇ ಇರುವ ಶುದ್ಧ ನೀರಿನಿಂದ ಹದಿನೈದು ಇಪ್ಪತ್ತು ನಿಮಿಷ ಕಣ್ಣು ತೊಳೆಯಿರಿ. ರೆಪ್ಪೆ ಮಡಚಿ ಒಳಗೂ ನೀರು ಹರಿಯಲಿ. ಆಮೇಲೆ ಆಸ್ಪತ್ರೆ.

ಹುಲ್ಲು ಹೆರೆಯುವ ಯಂತ್ರ ಇನ್ನೊಂದು ಅಪಾಯ. ಅದು ಕಲ್ಲಿನ ಚೂರು, ಕಡ್ಡಿ, ತರಗೆಲೆ ಎಲ್ಲವನ್ನೂ ಎಬ್ಬಿಸುತ್ತದೆ. ಒಣಗಿದ ಅಡಿಕೆ ಸುಲಿಯುವಾಗ ಏಳುವ ಧೂಳು, ಸೋಗೆಯ ತುದಿ, ಬೈಹುಲ್ಲು, ಹಾಲು ಕರೆಯುವಾಗ ಮುಖಕ್ಕೆ ಬಡಿಯುವ ದನದ ಬಾಲ, ಇವೆಲ್ಲ ನಮಗೆ ಲೆಕ್ಕಕ್ಕೇ ಬಾರದ ಸಂಗತಿಗಳು. ಕಣ್ಣಿನ ವೈದ್ಯರಿಗೆ ಇವು ಬಹಳ ಲೆಕ್ಕಕ್ಕೆ ಬರುತ್ತವೆ. ಸಸ್ಯದ ಚೂರಿನ ಜೊತೆ ಬೂಷ್ಟು ಕಣ್ಣೊಳಗೆ ಹೋಗುತ್ತದೆ. ಮಧುರೈಯ ಅರವಿಂದ ಕಣ್ಣಾಸ್ಪತ್ರೆಯವರು 1990ರ ದಶಕದಲ್ಲಿ ಕಾರ್ನಿಯಾ ಹುಣ್ಣುಗಳನ್ನು ಪರೀಕ್ಷಿಸಿದಾಗ, ರೋಗಾಣು ಪತ್ತೆಯಾದ ಹುಣ್ಣುಗಳಲ್ಲಿ ಸರಿಸುಮಾರು ಅರ್ಧದಷ್ಟಕ್ಕೆ ಕಾರಣ ಶಿಲೀಂಧ್ರವೇ ಆಗಿತ್ತು. ದಕ್ಷಿಣ ಭಾರತದ ಸೆಕೆ, ತೇವ, ಕೃಷಿ ಎಲ್ಲ ಸೇರಿ ಹಾಗೆ. ಬೂಷ್ಟಿನ ಹುಣ್ಣು ನಿಧಾನವಾಗಿ ಬೆಳೆಯುತ್ತದೆ, ವಾಸಿಯಾಗಲು ವಾರಗಟ್ಟಲೆ ಬೇಕು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ನರದ ಬಾವು ಇಳಿಸಲು ವೈದ್ಯರು ಕೊಡುವುದು ಸ್ಟೀರಾಯ್ಡ್ ಮಾತ್ರೆ. ಮೆಡಿಕಲ್ ಶಾಪಿನಲ್ಲಿ ಕೆಂಗಣ್ಣಿಗೆಂದು ಚೀಟಿಯಿಲ್ಲದೆ ಸಿಗುವ ಎಷ್ಟೋ ಹನಿಮದ್ದುಗಳಲ್ಲಿ ಇರುವುದೂ ಸ್ಟೀರಾಯ್ಡೇ. ಮಾತ್ರೆ ಒಳ್ಳೆಯದಾದರೆ ಹನಿಯೂ ಒಳ್ಳೆಯದಲ್ಲವೇ ಎಂದು ತಿಳಿಯಬಾರದು. ಕಾರ್ನಿಯಾ ಒಣಗಿ ಸುಲಿದಿರುವ ಕಣ್ಣಿಗೆ ಆ ಹನಿ ಬಿದ್ದರೆ ಕೆಂಪು ಎರಡು ದಿನ ಇಳಿಯುತ್ತದೆ, ಒಳಗೆ ಬೂಷ್ಟು ಕೊಬ್ಬುತ್ತದೆ. ಮೆಡಿಕಲ್ ನಡೆಸುವ ಅಣ್ಣಂದಿರಲ್ಲಿ ನನ್ನ ಕಳಕಳಿಯ ವಿನಂತಿ: ಮುಖ ಓರೆಯಾದವರು ಬಂದು ಕೆಂಗಣ್ಣಿಗೆ ಮದ್ದು ಕೇಳಿದರೆ ಕೊಡಬೇಡಿ, ಕಣ್ಣಿನ ಡಾಕ್ಟರಲ್ಲಿಗೆ ಕಳಿಸಿ.

ಮನೆಮದ್ದಿಗೂ ಇದೇ ಮಾತು. ನಂದಿಬಟ್ಟಲಿನ ರಸ, ಎದೆಹಾಲು, ಜೇನು, ಹರಳೆಣ್ಣೆ, ಇವು ಕಣ್ಣಿಗೆ ತಂಪು ಎಂದು ನಂಬಿ ಬಂದವರು ನಾವು. ಮುಖದ ಸೋಲಿಗೆ ಆಯುರ್ವೇದದಲ್ಲಿ ಅರ್ದಿತವಾತವೆಂಬ ಹೆಸರಿದೆ, ಅಭ್ಯಂಗವಿದೆ. ವೈದ್ಯರು ಹೇಳಿದಂತೆ ಕೆನ್ನೆಗೆ, ಹಣೆಗೆ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳಿ, ನನ್ನ ಆಕ್ಷೇಪವಿಲ್ಲ. ಆದರೆ ಮುಚ್ಚದ ಕಣ್ಣಿನೊಳಗೆ ಶುದ್ಧೀಕರಿಸದ ಯಾವುದನ್ನೂ ಬಿಡಬೇಡಿ. ಎಣ್ಣೆಸ್ನಾನದ ದಿನ ಸೀಗೆಪುಡಿ, ಶಾಂಪೂ ಕಣ್ಣಿಗಿಳಿಯದಂತೆ ತಲೆ ಹಿಂದಕ್ಕೆ ಬಾಗಿಸಿ ತೊಳೆಸಿಕೊಳ್ಳಿ. ಬಚ್ಚಲೊಲೆಗೆ ಬೆಂಕಿ ಮಾಡುವ ಕೆಲಸ, ರಬ್ಬರ್ ಶೀಟು ಹೊಗೆಗೆ ಹಾಕುವ ಕೆಲಸ ಸದ್ಯಕ್ಕೆ ಬೇರೆಯವರಿಗಿರಲಿ. ಬೈಕಿನಲ್ಲಿ ಸುಳ್ಯ ಪೇಟೆಗೆ ಹೋಗುವಾಗ ಹೆಲ್ಮೆಟ್ಟಿನ ಗಾಜು ಇಳಿಸಿಯೇ ಹೋಗಿ. ಸಂಜೆಯ ಹೊತ್ತು ಹುಳ ಬಡಿಯುವುದು ಎಲ್ಲರಿಗೂ ಗೊತ್ತು.

ಕಣ್ಣು ಮುಚ್ಚದ ಸಂಕಟ ನಮ್ಮ ಜಿಲ್ಲೆಗೆ ಹೊಸದಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಮೂಲದ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಶುರುಮಾಡಿದ ಸಣ್ಣ ಹೋಮಿಯೋಪಥಿ ಔಷಧಾಲಯ ಬೆಳೆದು, ಆ ಶತಮಾನ ಮುಗಿಯುವುದರೊಳಗೇ ಕುಷ್ಠರೋಗಿಗಳಿಗೂ ಅಲ್ಲಿ ಆಸರೆಯಾಗಿತ್ತು. ಕುಷ್ಠದ ರೋಗಾಣು ಮುಖದ ನರವನ್ನು, ಅದರಲ್ಲೂ ಕಣ್ಣು ಮುಚ್ಚಿಸುವ ಕವಲುಗಳನ್ನು ಕೆಡಿಸುತ್ತದೆ. ಕಾರ್ನಿಯಾದ ಸ್ಪರ್ಶವನ್ನೂ ತೆಗೆಯುತ್ತದೆ. ಮುಚ್ಚದ ಕಣ್ಣಿನಲ್ಲಿ ಧೂಳು ಬಿದ್ದರೂ ನೋವಿಲ್ಲ. ನೋವಿಲ್ಲದೆ ಹುಣ್ಣಾಗಿ, ನೋವಿಲ್ಲದೆಯೇ ಕಣ್ಣು ಹೋಗುತ್ತಿತ್ತು. ಕೈಬೆರಳಿನಲ್ಲಿ ಸ್ಪರ್ಶವಿಲ್ಲದವರಿಗೆ ಆಮೇಲೆ ಉಳಿಯುತ್ತಿದ್ದ ಆಸರೆ ಕಣ್ಣೊಂದೇ. ಅದೂ ಹೋದರೆ ಅವರ ಬದುಕು ಏನಾಗುತ್ತಿತ್ತೆಂದು ಊಹಿಸಿ.

ತಮಿಳುನಾಡಿನ ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಕೈಗಳನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸುತ್ತಿದ್ದ ಕಾಲದಲ್ಲಿ ಅವರ ಪತ್ನಿ ಮಾರ್ಗರೆಟ್ ಬ್ರಾಂಡ್ ಕಣ್ಣುಗಳ ಕೆಲಸ ಹಿಡಿದರು. ರೆಪ್ಪೆಯಲ್ಲಿ ಸ್ವಲ್ಪವಾದರೂ ಬಲ ಉಳಿದವರಿಗೆ, ನೆನಪಿಟ್ಟುಕೊಂಡು ಗಟ್ಟಿಯಾಗಿ ರೆಪ್ಪೆ ಬಡಿಯುವ ಅಭ್ಯಾಸವನ್ನು ಕುಷ್ಠದ ಆಸ್ಪತ್ರೆಗಳಲ್ಲಿ ಕಲಿಸುತ್ತಿದ್ದರು. ಬಲ ಪೂರ್ತಿ ಹೋದವರಿಗೆ ಒಂದು ಅಚ್ಚರಿಯ ಶಸ್ತ್ರಕ್ರಿಯೆ ಇತ್ತು, ಈಗಲೂ ಇದೆ. ಕೆನ್ನೆತಲೆಯ ಸ್ನಾಯು ನಾವು ಜಗಿಯುವಾಗ ಕೆಲಸ ಮಾಡುವಂಥದ್ದು. ಅದರ ನರ ಬೇರೆ, ಐದನೆಯದು. ಆ ಸ್ನಾಯುವಿನ ಒಂದು ಪಟ್ಟಿಯನ್ನು ಬಿಡಿಸಿ ರೆಪ್ಪೆಗಳೊಳಗೆ ತಂದು ಹೊಲಿಯುತ್ತಾರೆ. ಆಮೇಲೆ ರೋಗಿ ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ. ಊಟ ಮಾಡುವಷ್ಟು ಹೊತ್ತೂ ಕಣ್ಣಿಗೆ ಸಾರಣೆ ನಡೆಯುತ್ತದೆ. ಮಿಕ್ಕ ಹೊತ್ತಿನಲ್ಲಿ ಆಗಾಗ ಹಲ್ಲು ಕಚ್ಚುವುದನ್ನು ಅವರು ಕಲಿಯಬೇಕು.

ಇವತ್ತು ಕುಷ್ಠಕ್ಕೆ ಬಹುಔಷಧ ಚಿಕಿತ್ಸೆ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. 2005ರ ಕೊನೆಯ ಹೊತ್ತಿಗೆ ದೇಶದಲ್ಲಿ ಕುಷ್ಠ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕೆಳಗಿಳಿಯಿತು. ಹೊಸ ರೋಗಿಗಳು ಈಗಲೂ ಸಿಗುತ್ತಾರೆ. ಸ್ಪರ್ಶವಿಲ್ಲದ ಮಚ್ಚೆಯ ಜೊತೆಗೆ ಕಣ್ಣು ಮುಚ್ಚಲು ಕಷ್ಟವಾದರೆ ಮುಚ್ಚಿಡಬೇಡಿ. ಮನೆಗೆ ಬರುವ ಆಶಾ ಕಾರ್ಯಕರ್ತೆಯ ಹತ್ತಿರ ಹೇಳಿ. ಬೇಗ ಮದ್ದು ಸಿಕ್ಕರೆ ನರ ಚೇತರಿಸಿಕೊಳ್ಳುವುದೂ ಉಂಟು.

ಸ್ಪರ್ಶವಿಲ್ಲದ ಕಣ್ಣು ಇನ್ನೊಂದು ಬಗೆಯ ರೋಗಿಗಳಲ್ಲಿಯೂ ಇದೆ. ಕೇಳುವ ನರದ ಮೇಲೆ ಬೆಳೆಯುವ ಗಡ್ಡೆಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದವರಲ್ಲಿ ಕೆಲವರಿಗೆ, ಗಡ್ಡೆಯ ಪಕ್ಕದಲ್ಲೇ ಹಾಯುವ ಏಳನೆಯ ನರವೂ, ದೊಡ್ಡ ಗಡ್ಡೆಯಾದರೆ ಐದನೆಯ ನರವೂ ಸೋತಿರುತ್ತವೆ. ಜೀವ ಉಳಿದ ಸಂತೋಷದಲ್ಲಿ ಮನೆಗೆ ಬರುತ್ತಾರೆ. ಕಣ್ಣು ಕೆಂಪಾಗಿದೆ, ಆದರೆ ನೋವಿಲ್ಲ ಎಂದು ಸುಮ್ಮನಿರುತ್ತಾರೆ. ಇವರಿಗೆ ನಾನು ಒತ್ತಿ ಹೇಳುತ್ತೇನೆ: ನೋವಿಲ್ಲದಿರುವುದೇ ನಿಮ್ಮ ಅಪಾಯ. ದಿನಾ ಬೆಳಿಗ್ಗೆ ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿಕೊಳ್ಳಿ. ಕೆಂಪು ಹೆಚ್ಚಿದೆಯೇ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಇದೆಯೇ, ಇನ್ನೊಂದು ಕಣ್ಣು ಮುಚ್ಚಿ ನೋಡಿದರೆ ಮಂಜಾಗಿದೆಯೇ?

ನರ ಮರಳಿ ಬಾರದೆಂದು ಖಚಿತವಾದವರು ಜೀವನವಿಡೀ ಟೇಪು, ಹನಿ ಹಿಡಿದೇ ಕೂರಬೇಕಿಲ್ಲ. ಮೇಲ್ರೆಪ್ಪೆಯೊಳಗೆ ಸುಮಾರು ಒಂದು ಗ್ರಾಂ ತೂಕದ ಚಿನ್ನದ ಸಣ್ಣ ತುಂಡನ್ನು ಇಡುವ ಶಸ್ತ್ರಕ್ರಿಯೆ ಇದೆ. ತೆರೆಯುವ ಸ್ನಾಯು ಸಡಿಲಿಸಿದ ಕೂಡಲೇ ಆ ಭಾರಕ್ಕೆ ರೆಪ್ಪೆ ತಾನಾಗಿ ಇಳಿಯುತ್ತದೆ. ಜೋತ ಕೆಳರೆಪ್ಪೆಯನ್ನು ಬಿಗಿಮಾಡಬಹುದು. ಎಲ್ಲಕ್ಕಿಂತ ಹಳೆಯದು, ಸರಳವಾದದ್ದು, ಎರಡೂ ರೆಪ್ಪೆಗಳ ಹೊರಮೂಲೆಯನ್ನು ಸ್ವಲ್ಪ ಸೇರಿಸಿ ಹೊಲಿಯುವುದು. ಕಣ್ಣು ಚಿಕ್ಕದಾಗಿ ಕಾಣುತ್ತದೆ, ಮದುವೆ ಮನೆಯಲ್ಲಿ ಜನ ಕೇಳುತ್ತಾರೆ ಎಂದು ಎಷ್ಟೋ ಮಂದಿ, ಅದರಲ್ಲೂ ಹೆಣ್ಣುಮಕ್ಕಳು, ಬೇಡವೆನ್ನುತ್ತಾರೆ. ಆ ಸಂಕೋಚವನ್ನು ನಾನು ಹಗುರವಾಗಿ ಕಾಣಲಾರೆ. ಮುಖ ಓರೆಯಾದ ಮೇಲೆ ಫೋಟೋಕ್ಕೆ ನಿಲ್ಲದವರನ್ನು, ಜಾತ್ರೆಗೆ ಹೋಗುವುದನ್ನೇ ಬಿಟ್ಟವರನ್ನು ನಾವೆಲ್ಲ ಬಲ್ಲೆವು. ಆದರೂ ಹೇಳಬೇಕು: ಹೊಲಿಗೆಯನ್ನು ಮುಂದೆ ಬಿಚ್ಚಬಹುದು, ಹೂ ಬಿದ್ದ ಕಣ್ಣು ಹಾಗಲ್ಲ.

ಕಣ್ಣು ಹೋದರೇನು, ಕಣ್ಣುದಾನದ ಕಣ್ಣು ಹಾಕಿಸಬಹುದಲ್ಲ ಎನ್ನುವವರೂ ಇದ್ದಾರೆ. ಡಾ. ರಾಜ್‌ಕುಮಾರ್ 2006ರಲ್ಲಿ, ಪುನೀತ್ ರಾಜ್‌ಕುಮಾರ್ 2021ರಲ್ಲಿ ಕಣ್ಣು ಕೊಟ್ಟು ಹೋದರು. ಪುನೀತರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅದರಿಂದ ನಾಡಿನಲ್ಲಿ ಕಣ್ಣುದಾನಕ್ಕೆ ಹೆಸರು ಬರೆಸಿದವರ ಸಂಖ್ಯೆ ಬಹಳ ಹೆಚ್ಚಿತು. ಅದು ದೊಡ್ಡ ಮಾತು. ಆದರೆ ದಾನದ ಕಾರ್ನಿಯಾ ಕೂಡ ಕಾರ್ನಿಯಾವೇ. ಮುಚ್ಚದ ರೆಪ್ಪೆಯ ಕೆಳಗೆ ಹಾಕಿದರೆ ಅದೂ ಒಣಗಿ ಕೆಡುತ್ತದೆ. ರೆಪ್ಪೆಯನ್ನು ಸರಿಮಾಡದೆ ಕಸಿ ಮಾಡಲು ತಿಳಿದ ವೈದ್ಯರು ಒಪ್ಪುವುದಿಲ್ಲ. ಆದ್ದರಿಂದ ಎಲ್ಲ ದಾರಿಯೂ ರೆಪ್ಪೆಗೇ ಬಂದು ನಿಲ್ಲುತ್ತದೆ.

ಕಣ್ಣು ಕೆಂಪಾಗಿ ನೋಯತೊಡಗಿದರೆ, ಬೆಳಕು ನೋಡಲಾಗದಿದ್ದರೆ, ಕೀವು ಬಂದರೆ, ಮಂಜಾದರೆ, ಬಿಳಿ ಚುಕ್ಕೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರನ್ನು ನೋಡಬೇಕು. ಹಸಿರು ಬೆಳಗುವ ಬಣ್ಣದ ಹನಿ ಹಾಕಿ ಯಂತ್ರದಲ್ಲಿ ನೋಡಿದರೆ ಸುಲಿದ ಜಾಗ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಅಜ್ಜಾವರದವರಿಗೆ ಇದು ದೂರದ ಮಾತಲ್ಲ. ಪಯಸ್ವಿನಿ ದಾಟಿದರೆ ಸುಳ್ಯ, ಅಲ್ಲಿ ತಾಲೂಕು ಆಸ್ಪತ್ರೆಯಿದೆ, ಕೆ.ವಿ.ಜಿ. ಮೆಡಿಕಲ್ ಕಾಲೇಜಿದೆ. ದೊಡ್ಡ ಚಿಕಿತ್ಸೆ ಬೇಕಾದರೆ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ ಇದೆ.

ಕೊನೆಯದಾಗಿ ಮನೆಯವರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಮುಖ ಸೋತವರು ಇದ್ದರೆ, ಅವರ ಕಣ್ಣು ರಾತ್ರಿ ಮುಚ್ಚುತ್ತದೆಯೋ ಇಲ್ಲವೋ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಅದನ್ನು ನೋಡಬೇಕಾದವರು ನೀವು. ಇವತ್ತು ಅವರು ಮಲಗಿ ನಿದ್ದೆ ಹತ್ತಿದ ಮೇಲೆ ಟಾರ್ಚ್ ಹಿಡಿದು ನೋಡಿ. ರೆಪ್ಪೆಗಳ ನಡುವೆ ಸಂದಿ ಕಂಡರೆ ನಾಳೆಯೇ ಅವರನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ.